ಸಮಯವೇ ನೆನಪಿಡದ ಸೌಂಡ್ ರೆಕಾರ್ಡರ್: ಮಳೆಗಾಲ ದಾಟಿದ ಮೇಲೆ ಒಂದು ವಿಮರ್ಶೆ

ರಾತ್ರಿ ಕಾಡಿನ ಕೂಗುಗಳನ್ನು ಹಿಡಿಯಲು ನಾನು ಮರಕ್ಕೆ ಕಟ್ಟುವ ಈ ರೆಕಾರ್ಡರ್ ಸದ್ದು ಚೆನ್ನಾಗಿ ಹಿಡಿಯುತ್ತದೆ. ಅದನ್ನು ಎಲ್ಲರೂ ಬರೆದಿದ್ದಾರೆ, ಬಿಡಿ. ನನ್ನ ತಕರಾರು ಗಡಿಯಾರದ್ದು. ಸೆಲ್ ತೆಗೆದರೆ ಸಾಕು, ತಾರೀಕು, ಸಮಯ ಎರಡೂ ಅಳಿಸಿಹೋಗುತ್ತವೆ. ಸರ್ವಿಸಿನವರನ್ನು ಕೇಳಿದರೆ "ಅದು ಹಾಗೇ ಸಾರ್" ಅಂದರು. ರಾತ್ರಿ ಯಾವುದು ಎಷ್ಟು ಹೊತ್ತಿಗೆ ಕೂಗಿತು ಅಂತ ಗೊತ್ತಾಗದಿದ್ದರೆ ಏನು ಪ್ರಯೋಜನ, ಅಲ್ವಾ?

ನಮ್ಮ ಕಾಫಿ ತೋಟ ಕೊಡಗಿನ ಕುಟ್ಟದ ಕಡೆ. ಬೇಲಿಯಾಚೆ ಕಾಡು. ರಾತ್ರಿ ಅಲ್ಲಿಗೆ ಕಾಲಿಡುವ ಹಾಗಿಲ್ಲ, ಅದಕ್ಕೆ ಬೇಲಿಯ ಒಳಗೇ ಹಾಲವಾಣದ ಮರಕ್ಕೆ ಕಟ್ಟುತ್ತೇನೆ. ಸಂಜೆ ಚಾರ್ಜ್ ಆದ ಸೆಲ್ ಹಾಕುವುದು, ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಸೇರಿಸುವುದು, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳದ ಮೇಲೆ ಹನಿ ಬಿದ್ದರೆ ಟಪ್ ಟಪ್ ಅಂತ ಎಲ್ಲ ಹಾಳು, ಹಾಗಾಗಿ ಅದರ ಮೇಲೆ ತೆಂಗಿನ ನಾರಿನ ಮ್ಯಾಟಿನ ತುಂಡು. ತಗ್ಗು ಸದ್ದನ್ನು ಸೋಸುವ ಲೋ-ಕಟ್ ಸೆಟ್ಟಿಂಗ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಆನೆಯ ಗುಡುಗುಡು ಸದ್ದೆಲ್ಲ ಸೋಸಿಹೋಗುತ್ತದೆ.

ಕೊನೆಗೆ ಮೈಕಿನ ಮುಂದೆ ನಿಂತು ಸಮಯ ಹೇಳುವುದು. ಗಡಿಯಾರದ ಕಾಟಕ್ಕೆ ನಾನು ಕಂಡುಕೊಂಡ ಉಪಾಯ ಇದು. ಈಗ ಅದು ಮಗಳ ಕೆಲಸ. "ಎಂಟು ಇಪ್ಪತ್ತು, ಹಾಲವಾಣದ ಹತ್ರ, ಅಪ್ಪನಿಗೆ ಜಿಗಣೆ ಹತ್ತಿದೆ" ಅನ್ನುತ್ತಾಳೆ. ಕೋಪ ಅಲ್ಲಿಗೇ ಅರ್ಧ ಇಳಿಯಿತು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಚಿತ್ರ, ನೋಡುತ್ತೇನೆ. ಕಾಡುಕುರಿ ನಾಯಿಯ ಹಾಗೆ ಬೊಗಳುವುದು, ಕಡವೆಯ ಎಚ್ಚರಿಕೆ ಕೂಗು, ಇವೆಲ್ಲ ಕಣ್ಣಿಗೇ ಗೊತ್ತಾಗುತ್ತವೆ. ಡಿಸೆಂಬರಿನಲ್ಲಿ ಹೆಂಗಸು ಚೀರಿದ ಹಾಗೆ ಒಂದು ಕೂಗು ಸಿಕ್ಕಿತು. ತೋಟದ ಕೆಲಸಗಾರರಿರುವ ಲೈನ್ ಮನೆಯವರು ಸರಿರಾತ್ರಿಯ ಪಿಶಾಚಿ ಅಂತಿದ್ದರು. ಮಗಳು ಹೇಳಿದ ಸಮಯದಿಂದ ಲೆಕ್ಕ ಹಾಕಿದರೆ ಒಂಬತ್ತೂ ಆಗಿರಲಿಲ್ಲ. ಹಕ್ಕಿಗಳ ಕೂಗು ಸಿಗುವ ಝೀನೋ-ಕ್ಯಾಂಟೋ ವೆಬ್‌ಸೈಟಿನಲ್ಲಿ ಹೋಲಿಸಿ ನೋಡಿದೆ: ಸ್ಪಾಟ್ ಬೆಲ್ಲೀಡ್ ಈಗಲ್ ಔಲ್, ಭಾರೀ ಗಾತ್ರದ ಕಾಡುಗೂಬೆ. ಶ್ರೀಲಂಕಾದಲ್ಲಿ ಜನ ಹೆದರುವ 'ಉಲಮಾ' ಅನ್ನುವ ಪಿಶಾಚಿ ಹಕ್ಕಿ ಕೂಡ ಇದೇ ಇರಬೇಕು ಅನ್ನುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಕೇಳಿಸಿದೆ. ನಂಬಲಿಲ್ಲ, ಆದರೆ ಇನ್ನೊಂದು ಸಲ ಹಾಕಿ ಅಂದರು.

ಮಳೆಗಾಲದಲ್ಲಿ ಸುಮ್ನೆ ಕಟ್ಟಬೇಡಿ. ಮಳೆ, ಕಪ್ಪೆ ಬಿಟ್ಟು ಬೇರೇನೂ ಸಿಗಲ್ಲ. ಮೆಮೊರಿ ಕಾರ್ಡು ದೊಡ್ಡದಿರಲಿ, ಒಂದೇ ಚಾನೆಲಿನ ಮಾನೋದಲ್ಲೂ WAV ಫೈಲು ಗಂಟೆಗೆ 300 ಎಂಬಿ ದಾಟುತ್ತದೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಫೋನ್ ಇರುವಾಗ ಇದು ಯಾಕೆ ಅನ್ನುವವರಿಗೆ: ಆನೆ ಓಡಾಡುವ ಜಾಗದಲ್ಲಿ ರಾತ್ರಿಯಿಡೀ ಫೋನ್ ಕಟ್ಟಿ ಬರುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ.