ಸ್ವತಂತ್ರ ಸಂಗೀತ ಹುಡುಕಲು ಬ್ಯಾಂಡ್‌ಕ್ಯಾಂಪೋ, ಸ್ಪಾಟಿಫೈಯೋ, ಸೌಂಡ್‌ಕ್ಲೌಡೋ?

ಹವ್ಯಾಸಕ್ಕೆ ವಿಮರ್ಶೆ ಬರೆಯುವವರಿಗೆ ಹಾಡು ಸಿಕ್ಕರಷ್ಟೇ ಸಾಲದು, ಅದರ ಹಿನ್ನೆಲೆಯೂ ಬೇಕು. ಆ ಲೆಕ್ಕದಲ್ಲಿ ನನ್ನ ಓಟು ಬ್ಯಾಂಡ್‌ಕ್ಯಾಂಪ್‌ಗೆ. 2008ರಲ್ಲಿ ಶುರುವಾದ, ಹಾಡು ಮಾರುವ ಈ ತಾಣದಲ್ಲಿ ಆಲ್ಬಮ್ ಪುಟವನ್ನು ಕಲಾವಿದರು ಅಥವಾ ಹಾಡು ಹೊರತರುವ ಅವರ ಲೇಬಲ್‌ನವರೇ ತುಂಬುತ್ತಾರೆ. ಸಾಹಿತ್ಯ, ಯಾರು ಏನು ನುಡಿಸಿದರು, ಮಾಸ್ಟರಿಂಗ್ (ಧ್ವನಿಗೆ ಕೊಡುವ ಕೊನೆಯ ಹದ) ಯಾರದ್ದು ಎಂಬುದೆಲ್ಲ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಕೆಳಗಿನ ಟ್ಯಾಗ್ ಒತ್ತಿದರೆ ಅದೇ ಶೈಲಿಯ ಬೇರೆ ತಂಡಗಳು. ಆಲ್ಬಮ್ ಕೊಂಡವರ ಪುಟ್ಟ ಚಿತ್ರಗಳೂ ಪಕ್ಕದಲ್ಲಿರುತ್ತವೆ. ಒಬ್ಬರ ಮೇಲೆ ಕ್ಲಿಕ್ ಮಾಡಿ ಅವರ ಸಂಗ್ರಹಕ್ಕೆ ಇಳಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಲ್ಗಾರಿದಮ್‌ಗಿಂತ ಕಾಸು ಕೊಟ್ಟು ಕೊಂಡವರ ರುಚಿಯ ಮೇಲೇ ನನಗೆ ನಂಬಿಕೆ ಜಾಸ್ತಿ. ಕೊಂಡ ಹಾಡು ಫ್ಲ್ಯಾಕ್ (ಧ್ವನಿಯ ಗುಣಮಟ್ಟ ಕುಗ್ಗಿಸದ) ಫೈಲಾಗಿ ನಿಮ್ಮ ಬಳಿ ಉಳಿಯುತ್ತದೆ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಸಾಮಾನ್ಯವಾಗಿ ಶೇ 15.

ಸ್ಪಾಟಿಫೈ ಸಲೀಸು. ಪ್ರತಿ ಸೋಮವಾರ ಡಿಸ್ಕವರ್ ವೀಕ್ಲಿ ಎಂಬ ಪಟ್ಟಿ 30 ಹಾಡು ತಂದು ಮುಂದಿಡುತ್ತದೆ. ಆದರೆ ನೀವು ಈಗಾಗಲೇ ಕೇಳಿದ್ದರ ಸುತ್ತಲೇ ಗಿರಕಿ ಹೊಡೆಯುವುದು ಹೆಚ್ಚು. ಇನ್ನೊಂದು ಮಾತು: 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವೂ ಪ್ಲೇ ಆಗದ ಹಾಡಿಗೆ ಅಲ್ಲಿ ರಾಯಲ್ಟಿ ಇಲ್ಲ. ತೀರಾ ಹೊಸಬರ ಬಗ್ಗೆ ಬರೆಯುವಾಗ ಯಾವ ಲಿಂಕ್ ಕೊಡುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಸೌಂಡ್‌ಕ್ಲೌಡ್ ಡೆಮೊ (ಕಚ್ಚಾ ರೆಕಾರ್ಡಿಂಗ್), ರೀಮಿಕ್ಸ್‌ಗಳ ಅಡ್ಡಾ. ಧ್ವನಿಯ ಅಲೆಯ ಮೇಲೆ ಇಂಥದ್ದೇ ಕ್ಷಣಕ್ಕೆ ಕೇಳುಗರು ಕಮೆಂಟ್ ಅಂಟಿಸಬಹುದು. ಬೀಟ್ ಬದಲಾಗುವ ಜಾಗದಲ್ಲಿ ಅವು ಗುಂಪುಗೂಡಿದ್ದರೆ ವಿಮರ್ಶೆಗೆ ಎಳೆ ಸಿಕ್ಕಂತೆ. ಕಲಾವಿದರು ಹಳೆ ಡೆಮೊ ಅಳಿಸಿಬಿಡುವುದೂ ಉಂಟು, ಹಾಗಾಗಿ ಟಿಪ್ಪಣಿಯನ್ನು ಕೇಳುವಾಗಲೇ ಬರೆದಿಟ್ಟುಕೊಳ್ಳಿ.