ನಲ್ಲಿ ನೀರಿನ ಅಮೋನಿಯಾಗೆ ಸೀಕೆಮ್ ಪ್ರೈಮ್: ನನ್ನ ಅನುಭವ

ಬೆಂಗಳೂರಲ್ಲಿದ್ದಾಗ ಬಕೆಟ್ ನೀರನ್ನು ರಾತ್ರಿಯಿಡೀ ಹಾಗೇ ಇಟ್ಟು ಬೆಳಿಗ್ಗೆ ಮೀನಿನ ತೊಟ್ಟಿಗೆ ಸುರಿಯುತ್ತಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಆಟ ನಡೆಯಲಿಲ್ಲ. ಇಲ್ಲಿ 2004ರಿಂದ ನೀರಿಗೆ ಕ್ಲೋರಮೈನ್ ಹಾಕುತ್ತಾರೆ, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು, ಅದು ಕ್ಲೋರಿನ್ ಥರ ಸುಮ್ನೆ ಹಾರಿಹೋಗಲ್ಲ. ಬರೀ ಕ್ಲೋರಿನ್ ತೆಗೆಯುವ ಅಗ್ಗದ ದ್ರವ ಹಾಕಿದರೆ ಅಮೋನಿಯಾ ನೀರಲ್ಲೇ ಉಳಿಯುತ್ತೆ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8 ದಾಟಿದರೆ ಅದರ ವಿಷ ಇನ್ನೂ ಜಾಸ್ತಿ.

ಅದಕ್ಕೇ ಕ್ಲೋರಿನ್ ತೆಗೆದು ಅಮೋನಿಯಾದ ವಿಷವನ್ನೂ ತಗ್ಗಿಸುವ ದ್ರವ, ಸೀಕೆಮ್ ಕಂಪನಿಯ ಪ್ರೈಮ್ ತಂದೆ. 200 ಲೀಟರಿಗೆ 5 ಮಿಲಿ ಸಾಕು, 250 ಮಿಲಿ ಬಾಟಲಿ ನನ್ನ ಪುಟ್ಟ ತೊಟ್ಟಿಗೆ ಮುಗಿಯುವುದೇ ಇಲ್ಲ. ವಾಸನೆ ಮಾತ್ರ ಥೇಟ್ ಕೊಳೆತ ಮೊಟ್ಟೆ!

ಹಾಕಿದ ಮೇಲೂ ಟೆಸ್ಟ್ ಕಿಟ್ ಹಸಿರು (ಅಂದರೆ ಅಮೋನಿಯಾ ಇದೆ ಅಂತ) ತೋರಿಸಿದಾಗ ಗಾಬರಿಯಾಗಿತ್ತು. ಆಮೇಲೆ ತಿಳಿಯಿತು, ಕಿಟ್ ಒಟ್ಟು ಅಮೋನಿಯಾ ಅಳೆಯುತ್ತೆ ಅಷ್ಟೇ, ಪ್ರೈಮ್ ಕಟ್ಟಿಹಾಕಿದ್ದೂ ಅದರಲ್ಲಿ ಸೇರುತ್ತೆ. ಒಂದೆರಡು ದಿನ ಪ್ರೈಮ್ ಅದನ್ನು ಕಟ್ಟಿಹಾಕುತ್ತೆ ಅನ್ನುತ್ತದೆ ಕಂಪನಿ, ನನಗೆ ಪೂರ್ತಿ ನಂಬಿಕೆಯಿಲ್ಲ, ಅಷ್ಟರಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾ ಮತ್ತು ಗಿಡಗಳೇ ಅದನ್ನು ತಿಂದು ಮುಗಿಸುತ್ತವೆ ಅಲ್ವಾ? ಹಾರ್ನ್‌ವರ್ಟ್ ಅನ್ನೋ ಬೇಗ ಬೆಳೆಯುವ ನೀರುಗಿಡ ಇದ್ದರೆ ಇನ್ನೂ ಬೇಗ. ಹೊಸ ತೊಟ್ಟಿಯಾದರೆ ಆ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲ್ಲ, ನೀರು ಸ್ವಲ್ಪ ಸ್ವಲ್ಪವೇ ಬದಲಿಸಿ.

ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ವಾಸನೆಗೆ.