ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್: ಸೂಜಿಗೆ ಪೂರ್ತಿ ಅಂಕ, ಫೋನಿಗೆ ಸೊನ್ನೆ

ಅಪ್ಪನಿಗೆ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ಮಾತ್ರೆ ನಡೆಯುತ್ತಿದೆ. ಒಂದು ಸಲ ಲಿವರ್ ಟೆಸ್ಟ್ ಮಾಡಿಸಿ ತೋರಿಸಿ ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಮಂಡಿ ನೋವಿರುವವರನ್ನು ಬೆಳಿಗ್ಗೆ ಬೆಳಿಗ್ಗೆ ಆಟೋ ಹತ್ತಿಸುವುದು ಯಾಕೆ ಅಂತ, ಮೈಸೂರಿನಲ್ಲಿ ಮನೆಗೇ ಬಂದು ಸ್ಯಾಂಪಲ್ ಒಯ್ಯುವ ಒಂದು ಲ್ಯಾಬ್‌ಗೆ ಬುಕ್ ಮಾಡಿದೆ. ಹೆಸರು ಬೇಡ. ಇಂಥವು ಈಗ ಎಲ್ಲ ಊರಲ್ಲೂ ಇವೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಬಂದ ಹುಡುಗ ಹೇಳಿದ ಹೊತ್ತಿಗೆ ಬಂದ. ಸೂಜಿಯ ಪ್ಯಾಕೆಟ್ ನಮ್ಮೆದುರೇ ಒಡೆದ, ಒಂದೇ ಸಲಕ್ಕೆ ನರ ಸಿಕ್ಕಿತು, ಟ್ಯೂಬ್ ಮೇಲೆ ಹೆಸರು ವಯಸ್ಸು ಅಂಟಿಸಿ "ಸರಿ ಇದೆಯಾ ನೋಡಿ ಅಂಕಲ್" ಅಂತ ಅಪ್ಪನಿಗೇ ತೋರಿಸಿದ. ಇದು ಸಣ್ಣ ವಿಷಯ ಅಲ್ಲ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ರಕ್ತಕಣಗಳು ಒಡೆದರೆ ಲಿವರ್ ಟೆಸ್ಟ್‌ನಲ್ಲಿ ನೋಡುವ ಎಸ್‌ಜಿಒಟಿ ಅನ್ನೋ ಕಿಣ್ವ ಸುಮ್ನೆ ಜಾಸ್ತಿ ತೋರಿಸಿಬಿಡುತ್ತದೆ. ರಿಪೋರ್ಟ್ ಅದೇ ಸಂಜೆ ಮೊಬೈಲಿಗೆ ಬಂತು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಗುರುತೂ ಇತ್ತು.

ಬುಕ್ ಮಾಡುವಾಗಿನ ಕಥೆ ಮಾತ್ರ ಬೇರೆ. ಲಿವರ್ ಟೆಸ್ಟ್ ಒಂದೇ ಸಾಕು ಅಂದರೂ ಫುಲ್ ಬಾಡಿ ಪ್ಯಾಕೇಜ್ ತಗೊಳ್ಳಿ ಅಂತ ಗಂಟು ಬಿದ್ದರು. ಮೇಲೆ 12 ಗಂಟೆ ಉಪವಾಸ ಬೇರೆ! ಬರೀ ಲಿವರ್ ಟೆಸ್ಟ್‌ಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಫಾಸ್ಟಿಂಗ್ ಶುಗರ್ ಜೊತೆಗಿದ್ದರೆ ಬೇಕಾಗಬಹುದು. ಶುಗರ್ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಇದನ್ನೆಲ್ಲ ವಿಚಾರಿಸಿಯೇ ಹೇಳಬೇಕು, ಅಲ್ವಾ?

ನನಗೆ ನಿಜವಾಗಿ ಸಿಟ್ಟು ಬಂದಿದ್ದು ರಿಪೋರ್ಟ್ ಬಂದ ಮೇಲೆ. ಲಿವರ್‌ನ ಇನ್ನೊಂದು ಕಿಣ್ವ ಎಸ್‌ಜಿಪಿಟಿ 62. ಅವರ ಮಿತಿ 40, ಹಾಗಾಗಿ ಕೆಂಪು ದಪ್ಪಕ್ಷರ. ಅಪ್ಪ ಕನ್ನಡಕ ಹಾಕಿಕೊಂಡು ಓದಿ ಮುಗಿಸುವಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು: ಲಿವರ್‌ಗೆ ತೊಂದರೆ ಆಗಿದೆ, ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಇರಬೇಕು, ನಮ್ಮ ಡಯಟಿಷಿಯನ್ ಜೊತೆ ಮಾತಾಡಿ, ಇನ್ನೊಂದು ಪ್ಯಾಕೇಜ್ ಇದೆ. ಅಪ್ಪ ಆ ರಾತ್ರಿಯೇ ಮಾತ್ರೆ ಬೇಡ ಅಂತ ಕೂತರು. ಮಾತ್ರೆ ಬರೆದವರು ಡಾಕ್ಟರ್, ನಿಲ್ಲಿಸುವ ಹಾಗೆ ಮಾಡಿದ್ದು ಫೋನಿನಲ್ಲಿ ಪ್ಯಾಕೇಜ್ ಮಾರುವ ಹುಡುಗಿ.

ಡಾಕ್ಟರ್ ರಿಪೋರ್ಟ್ ನೋಡಿ ಗಾಬರಿಯಾಗಲಿಲ್ಲ. ಮಾತ್ರೆ ಶುರು ಮಾಡುವ ಮೊದಲಿನ ರಿಪೋರ್ಟ್ ಕೇಳಿದರು. ಆಗಲೂ ಎಸ್‌ಜಿಪಿಟಿ 55 ಇತ್ತು, ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಅಂತಲೂ ಇತ್ತು. "ರಾಯರೇ, ಇದು ಹಳೇ ಗಿರಾಕಿ, ಮಾತ್ರೆದಲ್ಲ" ಅಂದರು. ಸ್ಟಾಟಿನ್ (ಅಪ್ಪನ ಮಾತ್ರೆ ಸೇರಿದ ಗುಂಪು) ತಗೊಳ್ಳುವವರಲ್ಲಿ ಮಿತಿಯ 3 ಪಟ್ಟು ದಾಟಿದರೆ, ಅಂದರೆ ಇಲ್ಲಿ 120 ದಾಟಿ ಹಾಗೇ ನಿಂತರೆ, ಆಗ ಡೋಸ್ ಕಡಿಮೆ ಮಾಡುವುದು, ಬದಲಾಯಿಸುವುದು, ನಿಲ್ಲಿಸುವುದು ಇದೆಲ್ಲ ಯೋಚಿಸುತ್ತಾರಂತೆ. ಫ್ಯಾಟಿ ಲಿವರ್ ಇದೆ ಅಂತ ಮಾತ್ರಕ್ಕೆ ಸ್ಟಾಟಿನ್ ಬಿಡಬೇಕಿಲ್ಲ, ಹಾರ್ಟ್ ಕಾಯುವ ಮಾತ್ರೆ ಅದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2012ರಲ್ಲೇ, ಎಲ್ಲರಿಗೂ ಆಗಾಗ ಲಿವರ್ ಟೆಸ್ಟ್ ಬೇಡ, ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ಅಗತ್ಯ ಕಂಡಾಗ ಸಾಕು ಅಂತ ಹೇಳಿದೆ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಬಲಗಡೆ ಪಕ್ಕೆಯ ಕೆಳಗೆ ನೋವು, ವಿಪರೀತ ಸುಸ್ತು, ಊಟ ಸೇರದಿರುವುದು, ಇವು ಕಂಡರೆ ಮಾತ್ರ ತಡ ಮಾಡದೆ ಬನ್ನಿ ಅಂದರು.

ಲ್ಯಾಬಿನವರು ಯಾರೂ ಕೇಳದ ಒಂದು ಪ್ರಶ್ನೆಯನ್ನೂ ಡಾಕ್ಟರ್ ಕೇಳಿದರು: ಬೇರೆ ಏನೇನು ತಗೊಳ್ಳುತ್ತೀರಿ? ಕೋವಿಡ್ ಕಾಲದಿಂದ ಅಪ್ಪ ಅಮೃತಬಳ್ಳಿ ಕಷಾಯ ಬಿಟ್ಟಿಲ್ಲ. ಅದರಿಂದ ಕೆಲವರಿಗೆ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ, ಸದ್ಯಕ್ಕೆ ನಿಲ್ಲಿಸಿ, ಆಮೇಲೆ ಮತ್ತೆ ಟೆಸ್ಟ್ ಮಾಡಿಸೋಣ ಅಂದರು. ಮಾತ್ರೆ ಬಿಡಲು ತಯಾರಿದ್ದ ಅಪ್ಪ ಕಷಾಯ ಬಿಡಲು ಮಾತ್ರ ಬಹಳ ಚೌಕಾಸಿ ಮಾಡಿದರು!

5ಕ್ಕೆ 3 ಕೊಡುತ್ತೇನೆ. ಮತ್ತೆ ಇವರನ್ನೇ ಕರೆಯುತ್ತೇನೆ, ಯಾಕೆಂದರೆ ಒಂದೊಂದು ಲ್ಯಾಬಿನ ಮಿತಿ ಒಂದೊಂದು ಥರ, ಅಲ್ಲೇ ಮಾಡಿಸಿದರೆ ಹೋಲಿಸುವುದು ಸುಲಭ. ನೀವೂ ಬುಕ್ ಮಾಡುವುದಾದರೆ ವಯಸ್ಸಾದವರ ನಂಬರ್ ಕೊಡಬೇಡಿ, ನಿಮ್ಮದು ಕೊಡಿ. ಡಾಕ್ಟರ್ ಬರೆದಿದ್ದಷ್ಟೇ ಟೆಸ್ಟ್ ಮಾಡಿಸಿ. ಹಳೇ ರಿಪೋರ್ಟ್ ಫೈಲ್ ಎಸೆಯಬೇಡಿ.